ಹೊಂಬಾಳಮ್ಮನನ್ನು ಅರಿಯದ ಬಾಗಿಲು

ನಮ್ಮೂರಿನ ಹಳೆಯ ಹೆಬ್ಬಾಗಿಲಿಗೆ ಕೊನೆಗಾಲದಲ್ಲಿ ಅರಳುಮರಳು ಹಿಡಿದಿತ್ತು. ಮೇಕೆಯೊಂದು ಒಳಗೆ ಬಂದರೆ ದರ್ಜಿ ತಿರುಮಲಯ್ಯ ಬಂದನೆಂದು ಗಂಟೆ ಹೊಡೆಯುತ್ತಿತ್ತು. ತಿರುಮಲಯ್ಯನೇ ಬಂದರೆ ತೆಪ್ಪಗಿರುತ್ತಿತ್ತು. ಬೇವಿನ ಮರದ ಬಾಗಿಲು ಅದು. ಹೆಜ್ಜೆಯ ಸದ್ದಿನ ಮೇಲೆ ಜನರ ಗುರುತು ಹಿಡಿಯುತ್ತಿತ್ತು. ಅವ್ವನ ತಾಯಿ, ಅಂದರೆ ನಾನು ಕಾಣದ ನನ್ನ ಅಜ್ಜಿ, ಮದುವೆಯಾಗಿ ಈ ಊರಿಗೆ ಬಂದ ದಿನ ಅವಳ ಕಾಲುಂಗುರದ ಸದ್ದು ಕೇಳಿ ಬಾಗಿಲು ಅರೆಗಳಿಗೆ ಯೋಚಿಸಿ, ಆಮೇಲೆ ಗಂಟೆ ಹೊಡೆಯಿತಂತೆ. ಅಂದಿನಿಂದ ಅವಳು ಈ ಊರಿನವಳು.

ಹೊರಗೆ ಹೋಗುವವರನ್ನು ಬಾಗಿಲು ಕೇಳುವುದಿಲ್ಲ. ಒಳಗೆ ಬರುವವರನ್ನು ಮಾತ್ರ ಅರಿಯುತ್ತದೆ. ಅರಿತರೆ ನೀವು ಊರಿನವರು. ಒಂಬತ್ತು ದಿನ ಒಂದೇ ಸಮನೆ ಅರಿಯದಿದ್ದರೆ ಅಲ್ಲ. ಊರ ಗೋಡೆ ನಾಲ್ಕು ಕಡೆ ಬಿದ್ದುಹೋಗಿದೆ, ಎಮ್ಮೆಗಳೂ ಅಲ್ಲಿಂದ ನುಗ್ಗುತ್ತವೆ, ಬೇಕಾದರೆ ಮನುಷ್ಯರೂ ನುಗ್ಗಬಹುದು. ಆದರೆ ಬಾಗಿಲು ಅರಿಯದವಳು ತನ್ನ ಮನೆಯಲ್ಲೇ ಕುಳಿತು ಮುದ್ದೆ ಮುರಿಯುತ್ತಿದ್ದರೂ ಊರಲ್ಲಿ ಇಲ್ಲದವಳೇ. ಹತ್ತನೆಯ ದಿನ, ಉಪ್ಪು ಬೆಳೆಯಲು ಅವಳ ಪಾಲಿಗೆ ಕೊಟ್ಟ ಮಡಿಯ ಗೂಟದ ಮೇಲಿನ ಹೆಸರು ಅಳಿಸಿ, ಪಾಳಿಯಲ್ಲಿ ಮುಂದಿರುವವರ ಹೆಸರು ಬರೆಯುತ್ತಾರೆ. ಇದು ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಯಾರೂ ಕೇಳಿದ್ದಿಲ್ಲ, ಯಾಕೆಂದರೆ ಹಳೆಯ ಬಾಗಿಲು ಯಾರನ್ನೂ ಒಂಬತ್ತು ದಿನ ಮರೆತದ್ದಿಲ್ಲ. ತಿರುಮಲಯ್ಯನನ್ನು ಕೂಡ ಏಳನೆಯ ದಿನ ಜ್ಞಾಪಿಸಿಕೊಂಡಿತು.

ಬಾಗಿಲು ತೀರಿಕೊಂಡ ಮೇಲೆ ಊರ ಕಚೇರಿಯವರು ಹೊಸದು ತರಿಸಿದರು. ಕಚೇರಿಯಲ್ಲಿ ಏನು ಕೊಳ್ಳುವುದಿದ್ದರೂ ಖರೀದಿ ಪುಸ್ತಕ ಎಂಬುದೊಂದಿದೆ, ಅದರಂತೆಯೇ ಕೊಳ್ಳಬೇಕು. ಮೂರು ಊರಿನವರಿಂದ ದರ ತರಿಸಬೇಕು, ಕಡಿಮೆ ಹೇಳಿದವರದ್ದನ್ನು ಕೊಳ್ಳಬೇಕು, ಹಾಜರಿದ್ದ ಹತ್ತು ಜನರ ಮುಂದೆ ಪರೀಕ್ಷೆ ಮಾಡಬೇಕು, ಅರಗಿನ ಮುದ್ರೆ ಒತ್ತಬೇಕು. ಖರೀದಿ ಗುಮಾಸ್ತ ಅಚ್ಯುತಯ್ಯನವರು ಈ ಪುಸ್ತಕ ಬಿಟ್ಟು ಒಂದು ಪೊರಕೆಯನ್ನೂ ಕೊಂಡವರಲ್ಲ. ಹೊಸ ಬಾಗಿಲಿಗೆ ಕಿವಿಯ ಬದಲು ಕಣ್ಣಿತ್ತು, ಗಂಟೆಯ ಬದಲು ದನಿಯಿತ್ತು. ಮುಖ ನೋಡಿ ಹೆಸರು ಹೇಳಿ, ‘ಬನ್ನಿ’ ಎನ್ನುತ್ತದೆ. ಎರಡು ಕೊಂಡರೆ ಮಾತ್ರ ಆ ದರ ಎಂದು ಮಾರುವವರು ಹೇಳಿದ್ದರಿಂದ ಇನ್ನೊಂದನ್ನು ಕಚೇರಿಗೇ ಹಾಕಿಸಿದರು.

ಬಾಗಿಲಿಗೆ ಊರಿನವರ ಮುಖ ಪರಿಚಯವಾಗಬೇಕಲ್ಲ, ಅದಕ್ಕೆ ಎಲ್ಲರೂ ಒಂದೊಂದು ಫೋಟೋ ಕೊಡಬೇಕೆಂದು ಡಂಗುರ ಹೊಡೆಸಿದರು. ಇಲ್ಲಿಂದ ಈ ಕಥೆಗೆ ನಾನೂ ಸೇರುತ್ತೇನೆ. ಊರಿನ ಒಂದೇ ಸ್ಟುಡಿಯೋದಲ್ಲಿ, ವಸಂತರಾಯರ ಕೈಕೆಳಗೆ, ನಾನು ಟಚ್ ಮಾಡುವ ಕೆಲಸದಲ್ಲಿದ್ದೆ. ಆರನೆಯ ತರಗತಿಗೆ ಶಾಲೆ ಬಿಟ್ಟವಳು. ತರಗತಿಯಲ್ಲಿ ಎದ್ದು ನಿಂತು ಓದಿ ಎಂದರೆ ನಾಲಗೆ ಒಣಗುತ್ತಿತ್ತು. ಇಲ್ಲಿ ಎದ್ದು ನಿಲ್ಲುವ ಕೆಲಸವಿಲ್ಲ. ಕತ್ತಲೆ ಕೋಣೆಯ ಪಕ್ಕದ ಕಿರುಕೋಣೆಯಲ್ಲಿ, ಗಾಜಿನ ಹಲಗೆಯ ಕೆಳಗೆ ದೀಪವಿಟ್ಟುಕೊಂಡು, ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ ಚುಕ್ಕಿ ಇಡುವುದು. ನೆಗೆಟಿವಿನಲ್ಲಿ ಲೋಕವೆಲ್ಲ ತಲೆಕೆಳಗು. ಉಪ್ಪಿನ ರಾಶಿ ಕಾಡಿಗೆಯ ಹಾಗೆ ಕಪ್ಪಗೆ, ಉಪ್ಪು ಎಳೆಯುವ ನಮ್ಮ ಕೇರಿಯವರು ಹಾಲಿನ ಹಾಗೆ ತಿಳಿ. ಆ ತಿಳಿಯಾದ ಮುಖದ ಮೇಲೆ ಎಷ್ಟು ಪೆನ್ಸಿಲು ಆಡಿಸಿದರೆ ಫೋಟೋದಲ್ಲಿ ಅಷ್ಟು ಬೆಳ್ಳಗೆ ಬರುತ್ತಾರೆ. ಎಂಟು ವರ್ಷದಿಂದ ನಾನು ಮಾಡಿದ್ದು ಅದೊಂದೇ. ಕೇರಿಯವರು ಫೋಟೋ ತೆಗೆಸಿ ಹೋಗುವಾಗ ಕಿರುಕೋಣೆಯ ಪರದೆ ಸರಿಸಿ, "ದೇವೀರಿ, ಒಸಿ ಬೆಳ್ಳಗ್ ಮಾಡವ್ವ" ಎಂದು ಹೇಳಿಯೇ ಹೋಗುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಬಾಗಿಲಿಗೆಂದು ತೆಗೆದ ಮೊದಲ ಕಂತಿನ ಫೋಟೋಗಳನ್ನು ಅಚ್ಯುತಯ್ಯನವರು ಹಿಂದಕ್ಕೆ ಕಳಿಸಿದರು. ಪುಸ್ತಕದಲ್ಲಿ ಮುಖ ಸ್ಪಷ್ಟವಾಗಿರತಕ್ಕದ್ದು ಎಂದಿದೆಯಂತೆ, ಉಪ್ಪಿನ ಕೇರಿಯವರದು ಕಪ್ಪಾಗಿದೆಯಂತೆ. ರಾಯರು ಕಟ್ಟು ತಂದು ನನ್ನ ಮುಂದಿಟ್ಟು, "ಅವರಿಗೆ ಕಾಣೋ ಹಾಗೆ ಮಾಡಮ್ಮ" ಎಂದರು. ಹನ್ನೊಂದು ದಿನ ಕುಳಿತು ಮುನ್ನೂರು ಚಿಲ್ಲರೆ ಮುಖಗಳಿಗೆ ಪೆನ್ಸಿಲು ಆಡಿಸಿದೆ. ಅವ್ವನ ಮುಖಕ್ಕೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೊಟ್ಟೆ. ಅವಳ ಎಡಹುಬ್ಬಿನ ಮೇಲೆ, ಚಿಕ್ಕವಳಿದ್ದಾಗ ಮಡಿಯಲ್ಲಿ ಉಪ್ಪು ಎಳೆಯುವ ಹಲಗೆಯ ಹಿಡಿ ಬಡಿದು ಆದ ಕಲೆಯೊಂದಿದೆ. ಅದನ್ನೂ ಮುಚ್ಚಿದೆ. ಫೋಟೋ ನೋಡಿ ಅವ್ವ, "ಯಾವ್ದೋ ಸಾವ್ಕಾರ್ರ ಮನೆ ಗೌಡಸಾನಿ ಇದ್ದಂಗವ್ನಲ್ಲೇ" ಎಂದು ನಕ್ಕಳು. ನನಗೂ ಹೆಮ್ಮೆಯಾಯಿತು.

ಮೊದಲ ದಿನ ಬೆಳಿಗ್ಗೆ ಬಾಗಿಲಿನ ಪರೀಕ್ಷೆ ನಡೆಯಿತು. ಅಧ್ಯಕ್ಷರು, ಅವರ ಷಡ್ಡಕರು, ಅಚ್ಯುತಯ್ಯನವರು, ಕಚೇರಿಯ ಉಳಿದವರು, ಒಟ್ಟು ಹತ್ತು ಜನ ಒಬ್ಬೊಬ್ಬರಾಗಿ ಬಂದರು. ಬಾಗಿಲು ಹತ್ತು ಜನರ ಹೆಸರನ್ನೂ ತಪ್ಪಿಲ್ಲದೆ ಹೇಳಿ ಬನ್ನಿ ಎಂದಿತು. ಚಪ್ಪಾಳೆಯಾಯಿತು, ಅರಗು ಕಾಸಿ ಮುದ್ರೆ ಒತ್ತಿದರು. ಸಂಜೆ ನಮ್ಮ ಕೇರಿಯವರು ಉಪ್ಪಿನ ಮಡಿಗಳಿಂದ ಬಂದರು. ಮೊದಲಿಗಳು ನಮ್ಮ ಪಕ್ಕದ ಮನೆಯ ಮಂಚಮ್ಮ. ಬಾಗಿಲು ಅವಳನ್ನು ನೋಡಿತು. ದೂರದ ಊರಿನ ಹೆಂಗಸಿನ ದನಿಯಲ್ಲಿ, "ದಯವಿಟ್ಟು ಮುಖ ತೋರಿಸಿ" ಎಂದಿತು.

"ಇದೇ ಕಣವ್ವ ಮುಖ" ಎಂದಳು ಮಂಚಮ್ಮ.

"ದಯವಿಟ್ಟು ಮುಖ ತೋರಿಸಿ."

"ಅಯ್ಯೋ ಇದರ! ಇನ್ನೊಂದ್ ಎಲ್ಲಿಂದ ತರ್ಲಿ?"

ಹಿಂದಿದ್ದವರು ನಕ್ಕರು. ಹಿಂದಿದ್ದವರ ಸರದಿ ಬಂದಾಗ ಅವರಿಗೂ ಅದೇ ಆಯಿತು. ಹೊಸ ಬಾಗಿಲು, ಅದಕ್ಕೂ ಅಭ್ಯಾಸವಾಗಬೇಕು ಎಂದುಕೊಂಡು ಎಲ್ಲರೂ ಪಕ್ಕದ ಬಿದ್ದ ಗೋಡೆ ದಾಟಿ ಮನೆಗೆ ಹೋದರು. ಎರಡನೆಯ ದಿನವೂ ಅಭ್ಯಾಸವಾಗಲಿಲ್ಲ. ಮೂರನೆಯ ದಿನ ಕೇರಿಯಿಂದ ಇಪ್ಪತ್ತು ಜನ ಕಚೇರಿಗೆ ದೂರು ಕೊಡಲು ಹೋದರು. ಕಚೇರಿಯ ಬಾಗಿಲಿನ ಪಕ್ಕ ಬಿದ್ದ ಗೋಡೆಯಿಲ್ಲ. ಅದು ಅವರಿಗೆಲ್ಲ ಮುಖ ತೋರಿಸಿ ಎಂದು ಹೇಳಿ ಮುಚ್ಚಿಕೊಂಡೇ ಇತ್ತು. ಅಚ್ಯುತಯ್ಯನವರು ಕಿಟಕಿಯ ಗಾಜಿನ ಹಿಂದೆ ಬಂದು ನಿಂತು, ದೂರನ್ನು ಒಳಗೆ ಬಂದು ಮೇಜಿನ ಹತ್ತಿರವೇ ಕೊಡಬೇಕು ಎಂದು ಸನ್ನೆ ಮಾಡಿ ತೋರಿಸಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಕರೆಯುವವರ ಹಾಗೆ.

ನನ್ನನ್ನು ಮಾತ್ರ ಬಾಗಿಲು ಅರಿಯುತ್ತಿತ್ತು. ಎಂಟು ವರ್ಷ ಬಿಸಿಲು ಕಾಣದೆ ಕಿರುಕೋಣೆಯಲ್ಲಿ ಕುಳಿತು ನನ್ನ ಬಣ್ಣ ತೊಳೆದ ಅಕ್ಕಿಯ ಹಾಗಾಗಿತ್ತು. "ದೇವೀರಮ್ಮ, ಬನ್ನಿ" ಎಂದು ಅದು ಕರೆದಾಗ ಹಿಂದಿನಿಂದ ಕೇರಿಯವರು ನೋಡುತ್ತಿರುತ್ತಿದ್ದರು. ತಲೆ ತಗ್ಗಿಸಿ ಒಳಗೆ ಓಡುತ್ತಿದ್ದೆ.

ಆದರೆ ನನಗೆ ಕುತೂಹಲ ಹತ್ತಿತು. ಮಾತಾಡಲು ಬಾರದವರಿಗೆ ನೋಡುವ ಚಾಳಿ ಹೆಚ್ಚು. ಈ ಬಾಗಿಲು ಏನನ್ನು ನೋಡುತ್ತದೆ? ಕೆಲಸ ಮುಗಿದ ಮೇಲೆ ಎದುರಿನ ಕಲ್ಲಿನ ಮೇಲೆ ಕುಳಿತು ನೋಡತೊಡಗಿದೆ. ಹೊತ್ತು ಇಳಿಯುವಾಗ ನಮ್ಮವರ ಹಿಂದೆ ಉಪ್ಪಿನ ಬಯಲು ಕಣ್ಣು ಕುಕ್ಕುವಷ್ಟು ಹೊಳೆಯುತ್ತಿರುತ್ತದೆ. ಆ ಹೊಳಪಿನ ಮುಂದೆ ಅವರು ಬರುತ್ತಾರೆ. ಅದಕ್ಕೇ ಇರಬೇಕೆಂದು ಮಾರನೆಯ ದಿನ ಮಂಚಮ್ಮನನ್ನು ಬೆಳಿಗ್ಗೆಯೇ ಹೊರಗೆ ಕರೆದುಕೊಂಡು ಹೋಗಿ ಒಳಗೆ ಕರೆತಂದೆ. ಆಗಲಿಲ್ಲ. ಮುಖ ತೊಳೆದು ಬಾ ಎಂದೆ. ಆಗಲಿಲ್ಲ. ಮುಖಕ್ಕೆ ಪೌಡರು ಬಳಿದೆ. ಮಂಚಮ್ಮ, "ನನ್ನೇನ್ ಬಯಲಾಟಕ್ಕೆ ಕಟ್ಟೀಯೇನೇ?" ಎಂದು ನಗುತ್ತ ನಿಂತಳು. ಬಾಗಿಲು ನಗಲೂ ಇಲ್ಲ, ಕರೆಯಲೂ ಇಲ್ಲ. ಕೊನೆಗೆ ಸ್ಟುಡಿಯೋದಿಂದ ಅವಳ ಫೋಟೋದ ಇನ್ನೊಂದು ಪ್ರತಿ ತಂದು ಅವಳ ಮುಖದ ಮುಂದೆ ಹಿಡಿದೆ.

"ಮಂಚಮ್ಮ, ಬನ್ನಿ" ಎಂದಿತು ಬಾಗಿಲು.

ನಾಲ್ಕನೆಯ ದಿನ ಸಂಜೆಯ ಹೊತ್ತಿಗೆ ಕೇರಿಗೆ ಕೇರಿಯೇ ಸ್ಟುಡಿಯೋದ ಮುಂದಿತ್ತು. ಎಲ್ಲರೂ ತಮ್ಮ ತಮ್ಮ ಫೋಟೋ ತೆಗೆದುಕೊಂಡು, ಕಣ್ಣಿನ ಮುಂದೆ ಹಿಡಿದುಕೊಂಡು, ಎಡವುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಬಾಗಿಲು ದಾಟಿದರು. ದೂರದಿಂದ ನೋಡಿದರೆ ಉಪ್ಪಿನ ಬಯಲಿನಿಂದ ಬೆಳ್ಳನೆಯ ಮುಖದ ಜನ ಸಾಲಾಗಿ ಊರಿಗೆ ವಲಸೆ ಬರುತ್ತಿದ್ದ ಹಾಗಿತ್ತು. ಅವರ ದಿನಗಳ ಎಣಿಕೆ ಮತ್ತೆ ಸೊನ್ನೆಗೆ ಬಂತು.

ಅವ್ವನಿಗೂ ಅವಳದೊಂದು ಪ್ರತಿ ತೆಗೆದುಕೊಂಡು ಹೋಗಿದ್ದೆ. ಅವಳು ಅದನ್ನು ಹಿಡಿದು ಬಾಗಿಲಿನ ಹತ್ತಿರದವರೆಗೆ ಬಂದಳು. ಅಲ್ಲಿ ನಿಂತು ಅದನ್ನೊಮ್ಮೆ ನೋಡಿ ಸೆರಗಿನೊಳಗೆ ಇಟ್ಟುಕೊಂಡಳು. ಬಾಗಿಲು ಮುಖ ತೋರಿಸಿ ಎಂದಿತು. ಅವಳು ಬಿದ್ದ ಗೋಡೆ ದಾಟಿ ಒಳಗೆ ನಡೆದುಬಂದಳು.

"ಯಾಕವ್ವ?" ಎಂದು ಕೇಳಿದೆ.

"ಈ ಪಟದೋಳು ಬಂದ್ಲು ಅಂತ ತಾನೆ ಬರ್ಕೊಳ್ಳೋದು ಅದು? ನಾನ್ ಬಂದೆ ಅಂತ ಅಲ್ವಲ್ಲ."

"ಹೆಸ್ರು ನಿಂದೇ ಹೇಳ್ತದೆ."

"ಹೆಸ್ರು ನಂದೇ ಸರಿ. ನಾಳೆ ಮಡಿಗಿಳಿದು ಹಲಗೆ ಎಳೆಯೋಳು ಇವ್ಳಾ?"

"ಒಂಬತ್ ದಿನ ಆದ್ರೆ ಗೂಟ ಹೋಯ್ತದೆ."

"ಅದು ನಮ್ಮವ್ವನ ಗೂಟ. ಅವ್ಳು ಪಟ ಹಿಡ್ಕೊಂಡು ಬಂದಿರ್ಲಿಲ್ಲ" ಎಂದಳು ಅವ್ವ. ಹಟದ ದನಿಯಲ್ಲ, ಸಾರಿಗೆ ಉಪ್ಪು ಸಾಕು ಎನ್ನುವಾಗಿನ ದನಿ. ಆ ದನಿಗೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ. ಫೋಟೋ ಅವಳ ಸೆರಗಿನಲ್ಲಿ ಬೆವರಿಗೆ ಮುದುಡಿಹೋಯಿತು.

ಆರನೆಯ ದಿನ ಬಾಗಿಲಿನ ಮೇಲೆ ಚೀಟಿ ಅಂಟಿತ್ತು. ಮುಖದ ಬದಲು ಫೋಟೋ ತೋರಿಸಿದರೆ ಸಲ್ಲದು ಎಂದು. ಉಳಿದವರ ಎಣಿಕೆ ಆವತ್ತಿಗೆ ಒಂದಕ್ಕೆ ಶುರುವಾಯಿತು, ಅವ್ವನದು ಆರು. ಕೇರಿಯ ಬೇರೆ ಯಾರಿಗೂ ಇನ್ನೂ ಅವಸರವಿರಲಿಲ್ಲ. ಮಂಚಮ್ಮ ಬಂದು, "ನಿಮ್ಮವ್ವಂಗೆ ಒಸಿ ಬುದ್ಧಿ ಹೇಳ್ಬೇಕಿತ್ತು" ಎಂದು ನನ್ನನ್ನೇ ಬೈದು ಹೋದಳು.

ಆ ಮಧ್ಯಾಹ್ನ ಕಿರುಕೋಣೆಯಲ್ಲಿ ಕುಳಿತು ಯೋಚಿಸಿದೆ. ಬಾಗಿಲಿಗೆ ಕೊಟ್ಟ ಪರಿಚಯವೇ ಸುಳ್ಳು. ಆ ಸುಳ್ಳನ್ನು ಚುಕ್ಕಿ ಚುಕ್ಕಿಯಾಗಿ ಬರೆದವಳು ನಾನು. ಹಾಗಾದರೆ ಅಳಿಸಲೂ ನನಗೇ ಬರಬೇಕಲ್ಲ. ಹತ್ತಿಗೆ ಟರ್ಪೆಂಟೈನ್ ಅದ್ದಿ ನಾಲ್ಕು ನೆಗೆಟಿವ್‌ಗಳ ಪೆನ್ಸಿಲು ಒರೆಸಿದೆ. ಮಂಚಮ್ಮನದು, ಕೇರಿಯ ಇನ್ನಿಬ್ಬರದು, ಅವ್ವನದು. ಹೊಸದಾಗಿ ಪ್ರಿಂಟು ಹಾಕುವಾಗ ರಾಯರು ಹಿಂದೆ ಬಂದು ನಿಂತರು. ಬೈಯುತ್ತಾರೆಂದುಕೊಂಡೆ. ಅವರು ದ್ರಾವಣದ ತಟ್ಟೆಯಲ್ಲಿ ನಿಧಾನಕ್ಕೆ ಮೂಡುತ್ತಿದ್ದ ಮುಖ ನೋಡುತ್ತ, "ಒಂದು ಮಾತು ಹೇಳ್ತೀನಿ ದೇವೀರಿ" ಎಂದರು. "ಮದುವೆ ಫೋಟೋ ತೆಗೀವಾಗ ಹುಡುಗಿ ಬೆಳ್ಳಗೆ, ಹುಡುಗ ಕಪ್ಪಗೆ ಇದ್ದರೆ ನನಗೆ ಬೆವರು ಕೀಳುತ್ತೆ. ಹುಡುಗಿಗೆ ಬೆಳಕು ಹೊಂದಿಸಿದರೆ ಹುಡುಗ ಮಸಿ ಮುದ್ದೆ. ಹುಡುಗನಿಗೆ ಹೊಂದಿಸಿದರೆ ಹುಡುಗಿ ಸುಣ್ಣದ ಗೋಡೆ. ಕಣ್ಣಿಗೆ ಇಬ್ಬರೂ ಚೆನ್ನಾಗೇ ಕಾಣ್ತಾರೆ, ಕ್ಯಾಮೆರಾ ಪೆಟ್ಟಿಗೆಗೆ ಕಾಣಲ್ಲ. ಪೆಟ್ಟಿಗೆಗೆ ಯಾರನ್ನ ನೋಡಿ ಕಲಿಸಿದರೋ ಅವರೇ ಕಾಣೋದು." ಆಮೇಲೆ ಫೋಟೋಗಳನ್ನು ಒಣಗಲು ಅವರೇ ತೂಗುಹಾಕಿದರು.

ಏಳನೆಯ ದಿನ ಕಚೇರಿಗೆ ಹೋದೆ. ಅಷ್ಟು ದೊಡ್ಡ ಮೇಜಿನ ಮುಂದೆ ನಾನೆಂದೂ ನಿಂತವಳಲ್ಲ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಫೋಟೋಗಳನ್ನು ಮೇಜಿನ ಮೇಲಿಟ್ಟು, "ಇವು ನಿಜದ್ದು" ಎಂದೆ.

ಅಚ್ಯುತಯ್ಯನವರು ಕನ್ನಡಕ ಏರಿಸಿ ನೋಡಿದರು. "ಇವು ಕಪ್ಪಾಗಿವೆಯಲ್ಲಮ್ಮ."

"ಅವ್ರು ಕಪ್ಪಗವ್ರೆ ಅಯ್ಯಾ."

ಅವರು ಖರೀದಿ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದರು. "ನಮೂನೆ ಬದಲಾಯಿಸಿ ನೋಡಲು ಅವಕಾಶ ಇದೆ. ಆದರೆ ಮೂರು ನಮೂನೆ ಮಾತ್ರ" ಎಂದು ಕಟ್ಟಿನ ಮೇಲಿನ ಮೂರು ಫೋಟೋ ಎತ್ತಿಕೊಂಡು, ನಾಲ್ಕನೆಯದನ್ನು ನನ್ನ ಕಡೆ ಸರಿಸಿದರು. ನಾಲ್ಕನೆಯದು ಅವ್ವನದು. ನನ್ನವರದೇ ಮೊದಲು ಇಟ್ಟೆನೆಂದು ಯಾರಾದರೂ ಅಂದುಕೊಂಡಾರೆಂಬ ನಾಚಿಕೆಗೆ ನಾನೇ ಅದನ್ನು ಕೆಳಗಿಟ್ಟಿದ್ದೆ. ಮೇಲಿನದನ್ನು ಬಿಟ್ಟು ಇದನ್ನು ತೆಗೆದುಕೊಳ್ಳಿ ಎಂದು ಹೇಳಲು ಒಂದೇ ಒಂದು ಮಾತು ಸಾಕಿತ್ತು. ಅದೂ ಬರಲಿಲ್ಲ. ಫೋಟೋ ಎತ್ತಿಕೊಂಡು ಮನೆಗೆ ಬಂದೆ.

ಎಂಟನೆಯ ದಿನ ಸಂಜೆ ಬಾಗಿಲಿನ ಹತ್ತಿರ ಕೇರಿಯ ಅರ್ಧ ಜನ ಸೇರಿದ್ದರು. ಮೂರು ಫೋಟೋ ಬಾಗಿಲಿಗೆ ಮುಖ ಪರಿಚಯಿಸುವ ಸೀಳಿನೊಳಗೆ ಹೋಗಿವೆ ಎಂದು ಸುದ್ದಿಯಾಗಿತ್ತು. ಮಂಚಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಮಂಚಮ್ಮ, ಬನ್ನಿ."

ಕೇಕೆ ಹಾಕಿದರು. ಮಂಚಮ್ಮ ನನ್ನ ಕೆನ್ನೆ ಹಿಂಡಿದಳು. ಅವಳ ಹಿಂದೆ ಅವಳ ಗಂಡ ಬಂದ.

"ಮಂಚಮ್ಮ, ಬನ್ನಿ."

ಕೇಕೆ ಅರ್ಧಕ್ಕೆ ನಿಂತಿತು. ಆಮೇಲೆ ಬಂದ ಮುದುಕನಿಗೂ ಮಂಚಮ್ಮ, ಅವನ ಸೊಸೆಗೂ ಮಂಚಮ್ಮ, ತಲೆಯ ಮೇಲೆ ಬುಟ್ಟಿ ಹೊತ್ತವರಿಗೂ ಹೊರದವರಿಗೂ ಮಂಚಮ್ಮ. ಫೋಟೋ ಕೊಟ್ಟ ಇನ್ನಿಬ್ಬರಿಗೂ ಅದೇ. "ಊರ್ ತುಂಬ ನಾನೇ ಆಗ್ಬುಟ್ನಲ್ರೋ!" ಎಂದು ಮಂಚಮ್ಮ ಒಳಗಿನಿಂದ ಕೂಗಿದಳು. "ಲೇ, ಇವತ್ತು ನಿನ್ನ ಪಾಲಿನ ರೊಟ್ಟಿ ನೀನೇ ತಟ್ಕೊ, ನಾನೂ ಮಂಚಮ್ಮನೇ" ಎಂದ ಅವಳ ಗಂಡ. ಒಂದಿಬ್ಬರು ನಕ್ಕರು. ಅವ್ವ ಬಂದಾಗ ಬಾಗಿಲು ಅವಳನ್ನೂ ಮಂಚಮ್ಮ ಎಂದು ಕರೆಯಿತು. ಅವ್ವ ನಿಂತು, ಬಾಗಿಲಿನ ಕಣ್ಣನ್ನೇ ನೋಡಿ, "ನೋಡ್ತಾನೇ ಇಲ್ಲ ಅದು" ಎಂದಳು.

ನನಗೆ ನಾಚಿಕೆಯ ಜೊತೆಗೇ ಒಂದು ಬಗೆಯ ಹಗುರವೂ ಆಯಿತು ಎಂದರೆ ತಪ್ಪಾಗಿ ತಿಳಿಯಬಾರದು. ತಪ್ಪು ಪೂರ್ತಿ ನನ್ನ ಪೆನ್ಸಿಲಿನದಲ್ಲ. ನಿಜವಾದ ಮುಖ ಕೊಟ್ಟರೂ ಈ ಬಾಗಿಲಿಗೆ ನಾವೆಲ್ಲ ಒಂದೇ ಮುಖ. ಆದರೆ ಅರ್ಧ ತಪ್ಪು ನನ್ನದಲ್ಲ ಎಂದ ಮಾತ್ರಕ್ಕೆ ಅವ್ವನ ಗೂಟ ಉಳಿಯುವುದಿಲ್ಲ. ಒಂದು ದಿನ ಉಳಿದಿತ್ತು.

ಕಚೇರಿ ಮುಚ್ಚುವ ಮೊದಲು ಓಡಿದೆ. ಅಚ್ಯುತಯ್ಯನವರು ಕೊಡೆ ತೆಗೆದುಕೊಂಡು ಹೊರಟಿದ್ದರು.

"ಬಾಗ್ಲು ವಾಪಸ್ ಕೊಡಕ್ಕಾಗಲ್ವಾ ಅಯ್ಯಾ?" ಎಂದೆ. ಒಂದೇ ಉಸಿರಿಗೆ ಅಷ್ಟು ಉದ್ದದ ಮಾತು ಬಂದದ್ದು ನನಗೇ ಆಶ್ಚರ್ಯ.

"ಮೊದಲ ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲಮ್ಮ. ಇನ್ನು ಕಡೇ ಪರೀಕ್ಷೆ ಒಂದಿದೆ, ಹತ್ತು ದಿನದೊಳಗೆ ಮಾಡಬೇಕು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇಟ್ಟುಕೊಂಡಿದ್ದೀನಿ. ಅದರಲ್ಲೂ ಪಾಸಾದರೆ ಬಾಗಿಲು ನಮ್ಮದು."

"ಯಾರ್‍ಯಾರು ಬತ್ತಾರೆ?"

"ಹೋದ ಸಲ ಬಂದವರೇ. ಅಧ್ಯಕ್ಷರಿಗೆ ಹೇಳಿ ಕಳಿಸಿದ್ದೀನಿ."

"ಪುಸ್ತಕದಾಗೆ ಅವ್ರೇ ಅಂತ ಅದಾ?"

ಅವರು ಕೊಡೆ ಗೋಡೆಗೆ ಒರಗಿಸಿ, ಬೀಗ ತೆಗೆದು, ಪುಸ್ತಕ ತಂದರು. ಇದೇ ಅವರಲ್ಲಿ ನನಗೆ ಹಿಡಿಸಿದ ಗುಣ. ಪುಸ್ತಕದಲ್ಲಿ ಏನಿದೆ ಎಂದು ಕೇಳಿದರೆ ಕೇಳಿದವರು ಯಾರೆಂದು ನೋಡುತ್ತಿರಲಿಲ್ಲ. ಬೆರಳಿಟ್ಟು ಓದಿದರು. "ನಿಗದಿತ ವೇಳೆಗೆ ಸಾಮಗ್ರಿಯ ಮುಂದೆ ಹಾಜರಿದ್ದವರಲ್ಲಿ ಮೊದಲ ಹತ್ತು ಜನ." ಮತ್ತೊಮ್ಮೆ ಓದಿದರು. "ಹಾಜರಿದ್ದವರು ಅಂದರೆ ಹಾಜರಿದ್ದವರು, ಅಷ್ಟೇ" ಎಂದರು.

ಕೇರಿಯಲ್ಲಿ ನಾನು ಯಾರ ಮನೆಯ ಬಾಗಿಲನ್ನೂ ತಟ್ಟಿದವಳಲ್ಲ. ಆ ಸಂಜೆ ಮಂಚಮ್ಮನ ಮನೆಯೊಂದನ್ನು ತಟ್ಟಿದೆ. ಉಳಿದ ಮನೆಗಳನ್ನು ಅವಳೇ ತಟ್ಟಿದಳು.

ಒಂಬತ್ತನೆಯ ದಿನ ಅಧ್ಯಕ್ಷರು, ಷಡ್ಡಕರು, ಕಚೇರಿಯವರು ಹತ್ತಕ್ಕೆ ಐದು ನಿಮಿಷವಿರುವಾಗ ಬಂದರು. ಬಾಗಿಲಿನ ಹೊರಗೆ ಉಪ್ಪಿನ ಕೇರಿಯವರು ಏಳು ಗಂಟೆಯಿಂದ ಸಾಲಾಗಿ ನಿಂತಿದ್ದರು. ಸಾಲಿನ ಬಾಲ ಉಪ್ಪಿನ ಮಡಿಗಳವರೆಗೆ ಹೋಗಿತ್ತು. ಆವತ್ತು ಯಾರೂ ಹಲಗೆ ಮುಟ್ಟಿರಲಿಲ್ಲ.

"ಏನ್ರೀ ಇದು ಸಂತೆ?" ಎಂದರು ಅಧ್ಯಕ್ಷರು. "ಇವರನ್ನ ಪಕ್ಕಕ್ಕೆ ನಿಲ್ಲಿಸಿ. ನಮ್ಮದಾದ ಮೇಲೆ ನೋಡಿದರಾಯ್ತು."

ಅಚ್ಯುತಯ್ಯನವರು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅಧ್ಯಕ್ಷರನ್ನು ನೋಡಿದರು, ಸಾಲನ್ನು ನೋಡಿದರು. ಪಕ್ಕಕ್ಕೆ ನಿಲ್ಲಿ ಎಂದು ಹೇಳಲು ಅವರ ಬಾಯಿ ತೆರೆದದ್ದು ನನಗೆ ಕಂಡಿತು. ಆಗ ಯಾರೋ ಮಾತಾಡಿದರು. ಅದು ನನ್ನದೇ ದನಿ.

"ಪುಸ್ತಕದಾಗೆ ಯಾರು ಅಂತ ಬರ್‍ದಿಲ್ಲ ಅಯ್ಯಾ. ಮೊದಲ ಹತ್ತು ಜನ ಅಂತ ಅದೆ. ನೀವೇ ಓದಿದ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಶಾಲೆಯಲ್ಲಿ ಎದ್ದು ನಿಂತಾಗ ತಿರುಗುತ್ತಿದ್ದ ಹಾಗೆಯೇ. ನಾಲಗೆ ಒಣಗಿತು, ಆದರೆ ಮಾತು ಆಗಲೇ ಹೊರಗೆ ಬಿದ್ದಾಗಿತ್ತು.

ಅಚ್ಯುತಯ್ಯನವರು ಪುಸ್ತಕ ತೆರೆದು, ಎಂಜಲು ಹಚ್ಚಿ, ಹಾಳೆ ಹುಡುಕಿ, ಅಧ್ಯಕ್ಷರ ಮುಂದೆ ಹಿಡಿದರು. "ಹಾಗೇ ಇದೆ ಸ್ವಾಮಿ" ಎಂದರು. ಅವರ ದನಿಯಲ್ಲಿ ಹೆದರಿಕೆಯೂ ಇತ್ತು, ಎಂದೋ ಕಳೆದದ್ದು ಸಿಕ್ಕವರ ಸಂತೋಷವೂ ಇತ್ತು. "ಪುಸ್ತಕ ಬಿಟ್ಟು ಮಾಡಿದರೆ ಪರೀಕ್ಷೆಯೇ ಸಲ್ಲೋದಿಲ್ಲ." ಆಮೇಲೆ ಪೆನ್ನು ತೆಗೆದು ಸಾಲಿನ ಕಡೆ ತಿರುಗಿ, "ಒಬ್ಬೊಬ್ಬರಾಗಿ ಬನ್ನಿ" ಎಂದರು.

ಮೊದಲಿನವಳು ಮಂಚಮ್ಮ. ಸರಿಯಾಗಿಯೇ ಕರೆಯಿತು. ಎರಡನೆಯವನು ಅವಳ ಗಂಡ, ಮಂಚಮ್ಮ. ಮೂರು, ನಾಲ್ಕು, ಐದು, ಮಂಚಮ್ಮ. ಆರನೆಯವನಿಗೆ ಮುಖ ತೋರಿಸಿ ಎಂದಿತು. ಏಳು, ಎಂಟು ಮತ್ತೆ ಮಂಚಮ್ಮ. ಒಂದೊಂದಕ್ಕೂ ಅಚ್ಯುತಯ್ಯನವರು ಬಂದವರ ಹೆಸರು ಕೇಳಿ ಒಂದು ಕಡೆ, ಬಾಗಿಲು ಹೇಳಿದ್ದನ್ನು ಇನ್ನೊಂದು ಕಡೆ ಬರೆದರು. ಎಂಟನೆಯ ಸಲ ಅಧ್ಯಕ್ಷರು ಕೆಮ್ಮಿದರು. ಒಂಬತ್ತನೆಯವನಿಗೆ ಬಾಗಿಲು ಅಧ್ಯಕ್ಷರ ಷಡ್ಡಕರ ಹೆಸರು ಹೇಳಿತು. ಷಡ್ಡಕರು ಒಂದು ಹೆಜ್ಜೆ ಹಿಂದೆ ಸರಿದರು. ಯಾರೂ ನಗಲಿಲ್ಲ. ನಗಬೇಡಿ ಎಂದು ಮಂಚಮ್ಮ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದಳು.

ಹತ್ತನೆಯವಳು ಅವ್ವ. ಬಿಸಿಲಿನಲ್ಲಿ ಮೂರು ಗಂಟೆ ನಿಂತು ಅವಳ ಮುಖ ಎಣ್ಣೆ ಹಚ್ಚಿದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಬಾಗಿಲಿನ ಮುಂದೆ ಬಂದು ತಲೆಯ ಮೇಲಿನ ಸೆರಗು ತೆಗೆದು ನಿಂತಳು. ಬಾಗಿಲು ನೋಡಿತು. ಬಹಳ ಹೊತ್ತು ನೋಡಿತು. ಅಜ್ಜಿ ಬಂದ ದಿನ ಹಳೆಯ ಬಾಗಿಲು ಯೋಚಿಸಿತಂತಲ್ಲ, ಹಾಗೆ ಯೋಚಿಸುತ್ತಿದೆಯೇನೋ ಎಂದು ನನಗೆ ಆಸೆಯಾಯಿತು.

"ದಯವಿಟ್ಟು ಮುಖ ತೋರಿಸಿ" ಎಂದಿತು.

"ಬಂದವರ ಹೆಸರು?" ಎಂದರು ಅಚ್ಯುತಯ್ಯನವರು.

"ಹೊಂಬಾಳಮ್ಮ."

ಅವರು ಬರೆದರು. ಪಕ್ಕದಲ್ಲಿ ಒಂದು ಗೆರೆ ಎಳೆದರು. ಒಟ್ಟು ಹಾಕಿ, ಹತ್ತಕ್ಕೆ ಒಂದು ಎಂದು ಗಟ್ಟಿಯಾಗಿ ಓದಿದರು. ಆಮೇಲೆ ಪುಸ್ತಕದ ಕೊನೆಯ ಹಾಳೆಗಳಲ್ಲೆಲ್ಲೋ ಇದ್ದ ಸಾಲೊಂದನ್ನು, ಯಾರೂ ಕೇಳದಿದ್ದರೂ, ಓದಿ ಹೇಳಿದರು. "ತಿರಸ್ಕೃತವಾದ ಸಾಮಗ್ರಿಯು ಊರಿಗೆ ಬಂದೇ ಇಲ್ಲವೆಂದು ತಿಳಿಯತಕ್ಕದ್ದು." ಕನ್ನಡಕದ ಮೇಲಿನಿಂದ ಅವ್ವನನ್ನು ನೋಡಿ, "ಬಾರದೇ ಇದ್ದ ಬಾಗಿಲು ಯಾರನ್ನೂ ಅರಿಯದೆ ಇರೋಕೆ ಸಾಧ್ಯವಿಲ್ಲಮ್ಮ. ನಿಮ್ಮ ಒಂಬತ್ತು ದಿನ ಆಗಿಲ್ಲ" ಎಂದರು.

ಅವ್ವ ಸೆರಗು ಹೊದ್ದು ಮಡಿಯ ಕಡೆ ಹೊರಟಳು. ಅರ್ಧ ದಿನದ ಕೆಲಸ ಬಾಕಿ ಉಳಿದಿತ್ತು.

ಬಾಗಿಲುಗಳನ್ನು ಬಿಚ್ಚಿ ಗಾಡಿಗೆ ಹೇರಿ ಕಳಿಸಿದರು. ಮೂರು ಊರಿಗೆ ಮತ್ತೆ ಪತ್ರ ಹೋಗಿದೆಯಂತೆ. ಈ ಸಲ ಪರೀಕ್ಷೆಯ ಹತ್ತು ಜನರನ್ನು ಹತ್ತು ಕೇರಿಯಿಂದ ಕರೆಯಬೇಕೆಂದು ಅಚ್ಯುತಯ್ಯನವರು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಶಾಯಿಯಲ್ಲಿ ಬರೆಯಲು ಸಭೆ ಸೇರಬೇಕು. ಅಲ್ಲಿಯವರೆಗೆ ಊರಿಗೆ ಬರಿಯ ಚೌಕಟ್ಟು. ಜನ ಅಭ್ಯಾಸಬಲದಿಂದ ಅಲ್ಲಿಗೆ ಬಂದು ಅರೆಗಳಿಗೆ ನಿಲ್ಲುತ್ತಾರೆ. ಯಾರೂ ಕರೆಯದಿದ್ದಾಗ, ಮೊದಮೊದಲು ಸಂಕೋಚದಿಂದ, ಈಗ ಗಟ್ಟಿಯಾಗಿಯೇ, ತಮ್ಮ ಹೆಸರು ತಾವೇ ಹೇಳಿಕೊಂಡು ಒಳಗೆ ಬರುತ್ತಾರೆ. ನಾನೂ ಹೇಳುತ್ತೇನೆ. ಇನ್ನೂ ಮೆಲ್ಲಗೆ.

ಮೊನ್ನೆ ಮಧ್ಯಾಹ್ನ ಅವ್ವ ನನಗೆ ಬುತ್ತಿ ಕೊಡಲು ಸ್ಟುಡಿಯೋಗೆ ಬಂದಳು. ಕಿರುಕೋಣೆಯಲ್ಲಿ ಹೆಚ್ಚು ಜಾಗವಿಲ್ಲ. ಬುತ್ತಿ ಇಡಲು ಮೇಜಿನ ಮೇಲಿದ್ದ ಕಾಗದಗಳನ್ನು ಸರಿಸಿದಳು. ಅಡಿಯಲ್ಲಿ ನಾಲ್ಕನೆಯ ಫೋಟೋ ಇತ್ತು. ನಾನು ಪೆನ್ಸಿಲು ಒರೆಸಿ ಹಾಕಿದ್ದು, ಕಚೇರಿಗೆ ಬೇಡವಾದದ್ದು. ಅವಳು ಅದನ್ನು ದೀಪದ ಹತ್ತಿರ ಹಿಡಿದು ನೋಡಿದಳು. ನಮ್ಮ ಮನೆಯಲ್ಲಿರುವುದು ಬೊಟ್ಟಿಡಲು ಬೇಕಾದಷ್ಟೇ ಅಗಲದ ಕನ್ನಡಿ. ಅದರಲ್ಲಿ ಒಂದು ಸಲಕ್ಕೆ ಹಣೆ ಕಾಣುತ್ತದೆ, ಇಲ್ಲವೇ ಕೆನ್ನೆ.

"ನಮ್ಮವ್ವನ ಪಟ ನಿಂಗೆಲ್ಲಿ ಸಿಕ್ತೇ?" ಎಂದಳು.

ಅಜ್ಜಿಯ ಫೋಟೋ ಯಾರೂ ತೆಗೆದಿರಲಿಲ್ಲ. ಅವ್ವ ಬೆರಳಿನಿಂದ ಆ ಮುಖದ ಗಲ್ಲ ಸವರಿದಳು, ಮೂಗು ಸವರಿದಳು. ಬೆರಳು ಎಡಹುಬ್ಬಿನ ಮೇಲಿನ ಕಲೆಯ ಹತ್ತಿರ ಬಂದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಬೆರಳು ಫೋಟೋ ಬಿಟ್ಟು, ನಿಧಾನಕ್ಕೆ, ಅವಳದೇ ಎಡಹುಬ್ಬಿಗೆ ಹೋಯಿತು.